ಲೂಸಣ್ಣನ ಅಂಗಡಿಗೆ ದಾರಿ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು ದೀಪಾವಳಿ ಕಳೆಯಲಿ ಎಂದೆ. ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಆಗಲಿ, ಕಾಣದ ಕಣ್ಣಿನಲ್ಲಿ ಬರೆಯುವುದೇನು ಎಂದೆ. ಎರಡೂ ಕಣ್ಣಿನದು ಮುಗಿಯಿತು. ಈಗ ಎದುರುಮನೆಯ ಗೇಟಿನ ತುಕ್ಕು ಕೂಡ ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಬರೆಯಲಿಲ್ಲ. ಕೊನೆಗೆ ಪೆನ್ನು ಹಿಡಿಸಿದವನು ಕಳೆದ ವಾರ ಬಿಜೈ ಬಸ್‌ಸ್ಟ್ಯಾಂಡಿನ ಎದುರು ಸಿಕ್ಕಿದ ಒಬ್ಬ ತರುಣ. ಬೆನ್ನಿಗೆ ದೊಡ್ಡ ಚೀಲ, ಕೈಯಲ್ಲಿ ಮೊಬೈಲು, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟ ಮುಖ.

“ತಾತ, ಲೂಸಣ್ಣನ ಅಂಗಡಿಗೆ ಹೆಂಗೆ ಹೋಗೋದು?” ಎಂದು ಕೇಳಿದ.

ಸರಿಯಾಗಿ ಕೇಳಿಸಿದ್ದರೂ “ಯಾರ ಅಂಗಡಿ?” ಎಂದೆ.

“ಲೂಸಣ್ಣ. ಮ್ಯಾಪಲ್ಲೇ ಹಂಗೆ ಹಾಕವ್ರೆ, ನೋಡಿ.” ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ. ಹೊಸ ಕಣ್ಣಿಗೆ ಪ್ರತಿ ಅಕ್ಷರವೂ ಕಂಡಿತು.

ಸುಲ್ತಾನ್ ಬತ್ತೇರಿಗೆ ರಿಕ್ಷಾ ಮಾಡಿ ಹೋಗು, ದೋಣಿ ಹತ್ತುವ ಜಾಗಕ್ಕೆ ಮುಂಚೆ ಎಡಗಡೆ ಸಿಗುತ್ತದೆ ಎಂದೆ. ಹುಡುಗ ಹೊರಟವನು ತಿರುಗಿ, “ಯಾಕೆ ತಾತ ಆ ಹೆಸರು? ಸ್ವಲ್ಪ ತಲೆ ಕೆಟ್ಟಿದೆಯಾ ಅವ್ರಿಗೆ?” ಎಂದ.

“ಗೊತ್ತಿಲ್ಲ ಮಾರಾಯ,” ಎಂದೆ.

ಆ ವಿಷಯದಲ್ಲಿ ಅದು ನನ್ನ ನಾಲ್ಕನೆಯ ಸುಳ್ಳು. ಮೊದಲಿನ ಮೂರನ್ನು ಒಂದೇ ಬೇಸಿಗೆಯಲ್ಲಿ ಹೇಳಿ ಮುಗಿಸಿದ್ದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಮಾಡಿದ್ದೆಲ್ಲ ಕಟ್ಟಡದ ಸೂಪರ್‌ವೈಸರ್ ಆಗಿ. ಊರಿನಲ್ಲಿ ನನಗೊಂದು ಹೆಸರು ಬಂದದ್ದು ಮಾತ್ರ ಸಿಮೆಂಟಿನಿಂದ ಅಲ್ಲ, ಆಯದಿಂದ. ಆಯ ನೋಡುವುದು ಎಂದರೆ ಮನೆಯೋ ಬಾವಿಯೋ ಮಂಚವೋ, ಅದರ ಅಳತೆ ಒಳ್ಳೆಯದೋ ಕೆಟ್ಟದೋ ಎಂದು ಲೆಕ್ಕ ಹಾಕುವುದು. ಉದ್ದವನ್ನು ಅಂಗುಲದಲ್ಲಿ ಅಳೆದು, ಮೂರರಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಏನೋ ಒಂದು ಉಳಿಯುತ್ತದಲ್ಲ, ಅದಕ್ಕೊಂದು ಹೆಸರು. ಸಿಂಹ, ಎತ್ತು, ಆನೆ ಬಂದರೆ ಶುಭ. ನಾಯಿ, ಕತ್ತೆ, ಕಾಗೆ ಬಂದರೆ ಒಂದಂಗುಲ ಹೆಚ್ಚುಕಡಿಮೆ ಮಾಡಿ ಸರಿಪಡಿಸಬೇಕು. ನನಗೆ ಇದನ್ನು ಕಲಿಸಿದ ಹಳೆಯ ಮೇಸ್ತ್ರಿ ಹೋಗುವಾಗ ಹಲಸಿನ ಮರದ ಅವರ ಅಳತೆಕೋಲನ್ನು ನನ್ನ ಕೈಗೆ ಕೊಟ್ಟಿದ್ದರು. ಅದರಲ್ಲಿ ಅಂಗುಲಕ್ಕೊಂದು ಗೀರು, ಐದು ಗೀರಿಗೊಂದು ಅಂಕೆ ಇತ್ತು. ನಿವೃತ್ತನಾದ ಮೇಲೆ ಅದೇ ನನ್ನ ಉದ್ಯೋಗ. ಕರೆದಲ್ಲಿಗೆ ಹೋಗುತ್ತಿದ್ದೆ, ಕರೆಯದಲ್ಲಿಗೂ ಹೋಗುತ್ತಿದ್ದೆ. ಪಡೀಲಿನಲ್ಲಿ ಒಬ್ಬರು ನನ್ನ ಮಾತು ಕೇಳಿ ಹೊಸ ಬಚ್ಚಲುಮನೆಯ ಗೋಡೆ ಒಡೆಸಿದ್ದರು. ಅವರು ಇವತ್ತಿಗೂ ನನಗೆ ಕೈಮುಗಿಯುತ್ತಾರೆ. ಜನ ನನ್ನನ್ನು ‘ಆಯದ ವಾಸಣ್ಣ’ ಎಂದು ಕರೆಯುತ್ತಾರೆ, ಅದನ್ನು ಕೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನನಗೂ ಗಿರಿಜಳಿಗೂ ಮಕ್ಕಳಿಲ್ಲ. ಕುವೈತಿನಲ್ಲಿರುವ ನನ್ನ ತಮ್ಮನ ಮಗಳು ನಿಶ್ಮಿತಾ ಕಾಲೇಜಿಗೆಂದು ನಮ್ಮ ಮನೆಗೆ ಬಂದವಳು ಇಲ್ಲೇ ಉಳಿದಳು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾಳೆ ಎಂದು ನಾವಿದ್ದರೆ ಅವಳು ಹೊಳೆ ದಾಟಿ ತಣ್ಣೀರುಬಾವಿಯ ಕಡಲತೀರಕ್ಕೆ ಹೋಗಿ ಅಲೆಯ ಮೇಲೆ ಹಲಗೆ ಓಡಿಸುವುದನ್ನು ಕಲಿತಳು. ಅಲ್ಲಿಂದ ಅವಳ ಆಸೆ ಇನ್ನೊಂದು ಹಲಗೆಗೆ ಏರಿತು. ಫಾಯಿಲ್ ಎನ್ನುತ್ತಾರೆ. ಹಲಗೆಯ ಅಡಿಯಲ್ಲಿ ನೀರಿನೊಳಕ್ಕೆ ಇಳಿಯುವ ಒಂದು ಕಂಬ. ಕಂಬದ ತುದಿಗೆ ಅಡ್ಡ ಮಲಗಿದ ಒಂದು ಲೋಹದ ದಂಡ. ಆ ದಂಡದ ಮುಂದಿನ ತುದಿಗೆ ತೊರಕೆ ಎಂಬ ಚಪ್ಪಟೆ ಮೀನಿನ ಹಾಗೆ ಅಗಲವಾದ ದೊಡ್ಡ ರೆಕ್ಕೆ, ಹಿಂದಿನ ತುದಿಗೆ ಸಣ್ಣ ರೆಕ್ಕೆ. ವೇಗ ಬಂದರೆ ರೆಕ್ಕೆಗಳು ನೀರಿನೊಳಗೆ ಹಾರುತ್ತವೆ, ಹಲಗೆಯೂ ಅದರ ಮೇಲೆ ನಿಂತ ಮನುಷ್ಯನೂ ನೀರಿನಿಂದ ಮೊಣಕಾಲೆತ್ತರ ಮೇಲಕ್ಕೆ ಎದ್ದು ಸದ್ದಿಲ್ಲದೆ ಸಾಗುತ್ತಾರೆ. ಕಣ್ಣಾರೆ ನೋಡುವವರೆಗೆ ನಾನು ನಂಬಿರಲಿಲ್ಲ. ರೆಕ್ಕೆಗಳನ್ನು ಜೋಡಿಸುವ ಆ ದಂಡಕ್ಕೆ ಫ್ಯೂಸಲೇಜು ಎಂದು ಹೆಸರು. ಮೊದಲ ಸಲ ಅವಳು “ದೊಡ್ಡಪ್ಪ, ಒಳ್ಳೆ ಫ್ಯೂಸಲೇಜ್ ಬೇಕು” ಎಂದಾಗ ನಾನು ಮೀಟರ್ ಬೋರ್ಡಿನ ಮೇಲಿಂದ ಫ್ಯೂಸ್ ವೈರಿನ ಸುರುಳಿ ತಂದು ಕೊಟ್ಟಿದ್ದೆ.

ಆ ವರ್ಷ ಬೇಶ ತಿಂಗಳ, ಅಂದರೆ ಎಪ್ರಿಲ್-ಮೇ ಹೊತ್ತಿನ, ಸೆಕೆ ವಿಪರೀತ. ಮಧ್ಯಾಹ್ನ ಕರೆಂಟು ಹೋದರೆ ಗಿರಿಜ ಹಲಸಿನ ಹಪ್ಪಳದ ಚಾಪೆಯ ಪಕ್ಕದಲ್ಲೇ ನೆಲಕ್ಕೆ ಒರಗುತ್ತಿದ್ದಳು. ಆ ಸೆಕೆಯ ನಡುವೆ ಕುವೈತಿನಿಂದ ತಮ್ಮನ ಫೋನು. ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ಕೂರುವ ಕೆಲಸ, ವೀಸಾ ಆಗಿದೆ, ಮಳೆಗಾಲಕ್ಕೆ ಮುಂಚೆ ಮಗಳನ್ನು ಕಳಿಸು. ನಿಶ್ಮಿತಾ ಒಂದು ರಾಜಿಗೆ ಬಂದಳು. ಹೊಳೆಯ ಆಚೆ ದಡದಲ್ಲಿ ಲವೀನಾ ಮೇಡಂ ಎಂಬವರ ಜಲಕ್ರೀಡೆ ಶಾಲೆ ಇತ್ತು. ಅವರು ಫಾಯಿಲ್ ಕಲಿಸಲಿಕ್ಕೆ ಒಬ್ಬರನ್ನು ಹುಡುಕುತ್ತಿದ್ದರು. ರೆಸಾರ್ಟಿನ ಇಬ್ಬರು ಅತಿಥಿಗಳ ಮುಂದೆ ಒಂದು ಬೆಳಿಗ್ಗೆ ಓಡಿಸಿ ತೋರಿಸಬೇಕು. ಸರಿಯಾದರೆ ಕೆಲಸ, ಊರಿನಲ್ಲೇ ಇರುವುದು. ಆಗದಿದ್ದರೆ ಕುವೈತು. “ಬಿದ್ದರೆ ವಿಮಾನ, ನಿಂತರೆ ಹಲಗೆ,” ಎಂದು ನಗಾಡಿದಳು. ನನಗೆ ನಗು ಬರಲಿಲ್ಲ. ಅವಳಿಲ್ಲದ ಮನೆಯಲ್ಲಿ ಸಂಜೆ ಗಿರಿಜಳೂ ನಾನೂ ಎದುರುಬದುರು ಕೂತು ಟಿವಿಯ ರಿಮೋಟಿಗೆ ಜಗಳವಾಡುವ ಚಿತ್ರ ಕಣ್ಣ ಮುಂದೆ ಬಂತು.

ಹಲಗೆ ಶಾಲೆಯದು. ಫಾಯಿಲನ್ನು ಬಾಡಿಗೆಗೆ ತರಬೇಕಿತ್ತು. ಅದು ಸಿಗುತ್ತಿದ್ದದ್ದು ಈಚೆ ದಡದ ಒಂದೇ ಅಂಗಡಿಯಲ್ಲಿ. ಅದರ ಯಜಮಾನನನ್ನು ಸದ್ಯಕ್ಕೆ ನಾನೂ ಲೂಸಣ್ಣ ಎಂದೇ ಬರೆಯುತ್ತೇನೆ. ಆ ಹೆಸರು ಎಲ್ಲಿಂದ ಬಂತು ಎಂದು ಮೊದಲು ಹೇಳಿಬಿಡುತ್ತೇನೆ, ಅವನ ಸ್ವಂತ ಹೆಸರನ್ನು ಕೊನೆಗೆ ಬರೆಯುತ್ತೇನೆ.

ಅವನು ದುಬೈಯಲ್ಲಿ ಜಲಕ್ರೀಡೆ ಸಾಮಾನಿನ ವರ್ಕ್‌ಶಾಪಿನಲ್ಲಿ ಇದ್ದು ಬಂದವನು. ವಯಸ್ಸು ನಲವತ್ತರ ಮೇಲೆ. ಸಂಜೆ ಕತ್ತಲಾದರೂ ಕರಿ ಕನ್ನಡಕ ಹಣೆಯ ಮೇಲೆ ಇರಬೇಕು. ಅತ್ತರು ಎಷ್ಟು ಹಾಕುತ್ತಿದ್ದ ಎಂದರೆ ಅಂಗಡಿ ಬರುವ ಮೊದಲೇ ಅಂಗಡಿ ಬಂತು ಎಂದು ಗೊತ್ತಾಗುತ್ತಿತ್ತು. ಮಾತು ಯಾವುದೇ ಇರಲಿ, ದುಬೈಗೆ ಹೋಗಿ ಬರುತ್ತಿತ್ತು. ಬಿಸಿಲಿನ ಮಾತೆತ್ತಿದರೆ “ಇದೆಂತ ಬಿಸಿಲು,” ಚಹಾದ ಮಾತೆತ್ತಿದರೆ “ಇದೆಂತ ಚಹಾ.”

ನಾನು ನಿಶ್ಮಿತಾಳ ಜೊತೆ ಮೊದಲ ಸಲ ಹೋದ ದಿನ ಅವನು ಮೇಜಿನ ಮೇಲೆ ಎರಡು ಕಪ್ಪು ದಂಡ ಇಟ್ಟ. ಒಂದು ಉದ್ದ, ಒಂದು ಅದಕ್ಕಿಂತ ಅರ್ಧ ಗೇಣು ಗಿಡ್ಡ.

“ನೋಡಿ ವಾಸಣ್ಣ, ಉದ್ದದ್ದು ಅಂದ್ರೆ ಹಿಂದಿನ ರೆಕ್ಕೆ ದೂರ ಇರ್ತದೆ. ನಿಂತವರ ಕಾಲು ಸ್ವಲ್ಪ ಹಿಂದೆಮುಂದೆ ಆದ್ರೂ ಅದು ತಡ್ಕೊಳ್ತದೆ. ಎಮ್ಮೆಯ ಹಾಗೆ. ಗಿಡ್ಡದ್ದು ಲೂಸ್ ಉಂಟು. ಬೇಕಾದ ಹಾಗೆ ತಿರುಗ್ತದೆ. ಬೇಡದಾಗಲೂ ತಿರುಗ್ತದೆ.”

“ಲೂಸ್ ಅಂದ್ರೆ ಸಡಿಲವಾ?”

“ಸಡಿಲ ಅಲ್ಲ ಮಾರಾಯ್ರೆ. ಸ್ಕ್ರೂ ಟೈಟೇ. ಓಟ ಲೂಸ್. ಚುರುಕು ಅಂತ ಅರ್ಥ. ಜುಮೇರಾದಲ್ಲಿ ಒಬ್ಬ ಜರ್ಮನಿಯವ ಇದ್ದ, ಅವನಿಗೆ ಲೂಸ್ ಆಗದಿದ್ದರೆ ಊಟ ಸೇರ್ತಿರಲಿಲ್ಲ.”

“ನಾನು ಕಲಿತದ್ದು ಉದ್ದದ್ದರಲ್ಲಿ. ಆ ದಿನಕ್ಕೆ ಉದ್ದದ್ದೇ ಸಾಕು,” ಎಂದಳು ನಿಶ್ಮಿತಾ.

“ಬುದ್ಧಿವಂತೆ,” ಎಂದ ಅವನು. ವಿಷಯ ಅಲ್ಲಿಗೆ ಮುಗಿಯಿತು. ಮುಗಿಯಬೇಕಿತ್ತು.

ಓಡಿಸಿ ತೋರಿಸುವ ಹಿಂದಿನ ದಿನ ಸಾಮಾನು ತರಲು ನನ್ನನ್ನು ಕಳಿಸಿದಳು. ಅವನು ಕಂಬ, ಉದ್ದದ ದಂಡ, ರೆಕ್ಕೆ ಎಲ್ಲ ಜೋಡಿಸಿ ಚೀಲಕ್ಕೆ ಹಾಕಿ ಕೊಟ್ಟ. ಮನೆಗೆ ತಂದು ವೆರಾಂಡದಲ್ಲಿ ಬಿಚ್ಚಿದೆ. ಗಿರಿಜ ಬಂದು ಸೊಂಟಕ್ಕೆ ಕೈ ಇಟ್ಟು ನೋಡಿದಳು.

“ಎಂತ ಇದು, ಬಟ್ಟೆ ಒಣಗಿಸುವ ಸ್ಟ್ಯಾಂಡಾ?”

“ಇದರ ಮೇಲೆ ನಮ್ಮ ಹುಡುಗಿಯ ಭವಿಷ್ಯ ನಿಂತಿದೆ,” ಎಂದೆ.

“ಹಾಗಾದ್ರೆ ಇದನ್ನು ಮುಟ್ಟಬೇಡಿ.”

ನಾನು ಮುಟ್ಟಿದೆ. ಭವಿಷ್ಯ ಎಂಬ ಮಾತು ನನ್ನ ಬಾಯಿಯಿಂದಲೇ ಬಂದ ಮೇಲೆ ಅಳೆಯದೆ ಇರುವುದು ಹೇಗೆ. ಕೋಲು ತಂದು ಅಳೆದೆ. ಇಪ್ಪತ್ತಾರು ಅಂಗುಲ. ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಆರು ಉಳಿಯಿತು. ಆರು ಎಂದರೆ ಕತ್ತೆ. ಮತ್ತೊಮ್ಮೆ ಅಳೆದೆ. ಕತ್ತೆ ಅಲ್ಲಿಂದ ಕದಲಲಿಲ್ಲ.

“ಹುಡುಗಿ ಕತ್ತೆಯ ಮೇಲೆ ನಿಂತರೆಂತ, ಆನೆಯ ಮೇಲೆ ನಿಂತರೆಂತ. ನೀರಿಗೆ ಬಿದ್ದರೆ ಎರಡೂ ಒದ್ದೆಯೇ,” ಎಂದಳು ಗಿರಿಜ.

ನನಗೆ ತಡೆಯಲಾಗಲಿಲ್ಲ. ಕೋಲನ್ನು ಕೊಡೆಯೊಳಗೆ ತೂರಿಸಿ, ಚೀಲ ಹೊತ್ತು, ಮತ್ತೆ ರಿಕ್ಷಾ ಹಿಡಿದೆ. ಅಂಗಡಿಯವನು ನಮಾಜಿಗೆ ಹೋಗಿದ್ದ. ಗಿಡ್ಡ ದಂಡ ಮೇಜಿನ ಮೇಲೆಯೇ ಇತ್ತು. ಅಳೆದೆ. ಇಪ್ಪತ್ತೊಂದು. ಉಳಿದದ್ದು ಏಳು. ಆನೆ. ಸಣ್ಣ ಪುಟ್ಟದ್ದಲ್ಲ, ಗಜಾಯ. ಅವನು ಬರುವಷ್ಟರಲ್ಲಿ ನಾನು ಕೊಡೆ ಮಡಿಸಿ ಸಾಧುವಿನ ಹಾಗೆ ಕೂತಿದ್ದೆ.

“ಹುಡುಗಿ ಮನಸ್ಸು ಬದಲಿಸಿದಳು. ಗಿಡ್ಡದ್ದೇ ಬೇಕಂತೆ,” ಎಂದೆ. ಇದು ಮೊದಲನೆಯ ಸುಳ್ಳು.

ಅವನು ಕನ್ನಡಕವನ್ನು ಹಣೆಯಿಂದ ತೆಗೆದ. ನಾನು ನೋಡಿದಂತೆ ಅದು ಹಣೆ ಬಿಟ್ಟದ್ದು ಅದೇ ಮೊದಲು. “ವಾಸಣ್ಣ, ಅದು ಲೂಸ್ ಉಂಟು ಅಂತ ಹೇಳಿದ್ದೆನಲ್ಲ. ನಾಳೆ ಪರೀಕ್ಷೆ. ಇವತ್ತು ದಂಡ ಬದಲಿಸುವುದು ಬೇಡ. ಅವಳಿಗೆ ಫೋನು ಮಾಡ್ತೇನೆ.”

“ಮಲಗಿದ್ದಾಳೆ. ನಾಳೆಗೆ ವಿಶ್ರಾಂತಿ.” ಇದನ್ನು ಮೊದಲನೆಯ ಸುಳ್ಳಿನ ಬಾಲ ಎಂದು ಲೆಕ್ಕ ಹಾಕಿದ್ದೇನೆ.

ಅವನು ತಲೆ ಆಡಿಸುತ್ತಾ ಉದ್ದದ್ದನ್ನು ಬಿಚ್ಚಿ ಗಿಡ್ಡದ್ದನ್ನು ಹಾಕಿದ. ಪ್ರತಿ ಸ್ಕ್ರೂವಿಗೂ ಬಿಳಿ ಗ್ರೀಸು ಹಚ್ಚಿದ. ಮುಂಗೈಯ ನರ ಉಬ್ಬುವಷ್ಟು ಬಿಗಿದ. ರೆಕ್ಕೆ ಹಿಡಿದು ಅಲ್ಲಾಡಿಸಿ, ನನ್ನ ಕೈಯಲ್ಲೂ ಅಲ್ಲಾಡಿಸಿ ತೋರಿಸಿದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಇದನ್ನು ನಾನು ನನ್ನ ಕೈಯಿಂದ ಮುಟ್ಟಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಹೊಳೆ ಎಣ್ಣೆ ಸುರಿದ ಹಾಗೆ ನಯವಾಗಿತ್ತು. ಆಚೆ ದಡದಲ್ಲಿ ಲವೀನಾ ಮೇಡಂ ದೊಡ್ಡ ಟೋಪಿ ಹಾಕಿ ನಿಂತಿದ್ದರು. ಇಬ್ಬರು ಅತಿಥಿಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಳನೀರು ಹಿಡಿದು ಕೂತಿದ್ದರು. ಬಲೆ ಸರಿಮಾಡುತ್ತಿದ್ದ ನಾಲ್ಕಾರು ಮೀನುಗಾರರು ಕೆಲಸ ಬಿಟ್ಟು ಬಂದಿದ್ದರು. ನಮ್ಮ ಅಂಗಡಿಯವನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ತನ್ನ ಸಾಮಾನು ಹಾರುವುದನ್ನು ನೋಡಲು ಮೊದಲ ದೋಣಿಗೇ ಬಂದಿದ್ದ. ನಿಶ್ಮಿತಾ ಸೊಂಟದವರೆಗಿನ ನೀರಿನಲ್ಲಿ ನಿಂತು ಕಂಬವನ್ನು ಹಲಗೆಗೆ ಬಿಗಿಯುತ್ತಿದ್ದಳು. ಕೆಳಗಿನ ತುದಿಯನ್ನು ಹಿಡಿದುಕೊಂಡಿದ್ದವನು ನಾನು. ಅದಕ್ಕೆ ಸುತ್ತಿದ ಬಟ್ಟೆಯನ್ನು ಬೇಕೆಂದೇ ತೆಗೆದಿರಲಿಲ್ಲ.

“ದೊಡ್ಡಪ್ಪ, ಉದ್ದದ್ದೇ ಅಲ್ವಾ?” ತಲೆ ಎತ್ತದೆ ಕೇಳಿದಳು.

“ಉದ್ದದ್ದೇ.” ಎರಡನೆಯದು. ಬಟ್ಟೆ ತೆಗೆದು ತುದಿಯನ್ನು ಕೆಸರುನೀರಿಗೆ ಇಳಿಸಿದೆ.

ಶಾಲೆಯ ಮೋಟಾರು ದೋಣಿ ಹಗ್ಗ ಎಳೆಯಿತು. ಹಲಗೆ ವೇಗ ಪಡೆಯಿತು, ಮೇಲೆದ್ದಿತು. ಅತಿಥಿಗಳು ಎಳನೀರು ಕೆಳಗಿಟ್ಟರು. ಇನ್ನೇನು ಅವಳು ಹಗ್ಗ ಬಿಡಬೇಕು, ಹಲಗೆ ಹುಚ್ಚು ಹಿಡಿದ ಆಡಿನ ಹಾಗೆ ಮೂತಿ ಎತ್ತಿತು, ರೆಕ್ಕೆ ನೀರಿನಿಂದ ಹೊರಗೆ ಬಂತು, ನಮ್ಮ ಹುಡುಗಿ ಕೈಕಾಲು ನಾಲ್ಕನ್ನೂ ನಾಲ್ಕು ದಿಕ್ಕಿಗೆ ಚಾಚಿ ಮುಖ ಅಡಿಯಾಗಿ ಬಿದ್ದಳು. ನೀರು ಕುರ್ಚಿಯ ತನಕ ಹಾರಿತು. ಅವಳು ಕೆಮ್ಮುತ್ತಾ ಎದ್ದು, ಹಲಗೆ ಮಗುಚಿ ನೋಡಿದಳು.

“ಇದು ಗಿಡ್ಡದ್ದು. ನಾನು ಕೇಳಿದ್ದು ಉದ್ದದ್ದಲ್ವಾ?” ಎಂದು ಅಂಗಡಿಯವನ ಕಡೆ ತಿರುಗಿ ಹೇಳಿದಳು.

ಅವನು ಗಾಬರಿಯಾದ. “ನಾನು ನಿನ್ನೆಯೇ ಹೇಳಿದ್ದೆ. ಇದು ಲೂಸ್ ಉಂಟು ಅಂತ ಹೇಳಿಯೇ ಕೊಟ್ಟದ್ದು.”

ಕೇಳಿದವರಿಗೆ ಅರ್ಥವಾದದ್ದು ಬೇರೆ. “ಲೂಸ್ ಉಂಟು ಅಂತ ಗೊತ್ತಿದ್ದೂ ಕೊಟ್ಟದ್ದಾ?” ಎಂದ ಒಬ್ಬ ಮೀನುಗಾರ.

“ಹುಡುಗಿ ಸತ್ತಿದ್ದರೆ?”

“ಸ್ಕ್ರೂ ಲೂಸಾ, ಇವನೇ ಲೂಸಾ?”

“ದುಬೈಯಲ್ಲಿ ಬಿಗಿಯುವ ಕ್ರಮ ಇಲ್ಲವಾ ಲೂಸಣ್ಣ?” ಎಂದ ಮತ್ತೊಬ್ಬ. ನಗು ಎದ್ದಿತು. ಹೆಸರು ಹುಟ್ಟಿದ್ದು ಹೀಗೆ, ಒಂದು ನಗುವಿನಲ್ಲಿ, ಬೆಳಗಿನ ಎಂಟು ಗಂಟೆಯ ಬಿಸಿಲಿನಲ್ಲಿ.

ಅವನು ನನ್ನ ಕಡೆ ತಿರುಗಿದ. “ವಾಸಣ್ಣ, ನೀವೇ ಹೇಳಿ.”

ಲೂಸ್ ಎಂದರೆ ಏನೆಂದು ಅಲ್ಲಿದ್ದವರ ಪೈಕಿ ಅವನ ಬಾಯಿಯಿಂದ ಬಿಡಿಸಿ ಕೇಳಿದ್ದವರು ನಿಶ್ಮಿತಾ ಮತ್ತು ನಾನು. ನಿಶ್ಮಿತಾಳ ಕಿವಿಯಲ್ಲಿ ಹೊಳೆ ತುಂಬಿತ್ತು. ಮೇಡಂ ಟೋಪಿಯ ಅಡಿಯಿಂದ ನನ್ನನ್ನೇ ನೋಡುತ್ತಿದ್ದರು. ಬಾಯಿ ಬಿಟ್ಟರೆ ಆಯ, ಕತ್ತೆ, ಕೊಡೆ ಎಲ್ಲ ಹೊರಗೆ ಬರುತ್ತಿತ್ತು.

“ನನಗೆಂತ ಗೊತ್ತು ಮಾರಾಯ. ನಾನು ಚೀಲ ಹೊತ್ತವ.”

ಮೂರನೆಯದು ಅದು.

ಅವನು ಮೊದಲು ನನ್ನನ್ನು ನೋಡಿದ. ಆಮೇಲೆ ನಿಶ್ಮಿತಾಳನ್ನು, ಆಮೇಲೆ ಮೇಡಂ ಅವರನ್ನು. ಅವನು ಮನಸ್ಸಿನಲ್ಲಿ ಏನು ಲೆಕ್ಕ ಹಾಕಿದ ಎಂದು ನನಗೆ ಬಹಳ ದಿನದ ನಂತರ ಹೊಳೆಯಿತು. ಹುಡುಗಿಯೇ ಗಿಡ್ಡದ್ದು ಕೇಳಿದ್ದಾಳೆ, ಬಿದ್ದ ಮೇಲೆ ಹೆದರಿ ಇಲ್ಲ ಎನ್ನುತ್ತಿದ್ದಾಳೆ, ಈಗ ತಾನು ವಾದಿಸಿದರೆ ಅವಳ ಕೆಲಸ ಹೋಗುತ್ತದೆ ಎಂದು ಅವನು ತಿಳಿದ. “ನನ್ನದೇ ತಪ್ಪು ಮೇಡಂ. ಬೇರೆಯದ್ದು ಹಾಕಿಬಿಟ್ಟೆ. ಅವಳಿಗೆ ಇನ್ನೊಂದು ಅವಕಾಶ ಕೊಡಿ. ಈಗ ಹೋಗಿ ಉದ್ದದ್ದು ತರ್ತೇನೆ,” ಎಂದು ಬಿಳಿ ಶರ್ಟಿನ ತೋಳು ಮಡಚುತ್ತಾ ದೋಣಿಯ ಕಡೆ ಓಡಿದ.

ಕಾಯುವುದು ನಿಶ್ಮಿತಾಳ ಜಾತಕದಲ್ಲಿ ಇಲ್ಲ. ಸಿಟ್ಟಿನಲ್ಲಿ ಅದೇ ಗಿಡ್ಡದ್ದರ ಮೇಲೆ ಮತ್ತೆ ನಿಂತಳು, ಮತ್ತೆ ಬಿದ್ದಳು. ಮೂರನೆಯ ಸಲ ಕಾಲನ್ನು ಒಂದು ಚೂರು ಮುಂದಿಟ್ಟಳು. ಹಲಗೆ ಎದ್ದಿತು, ನಿಂತಿತು. ಹಗ್ಗ ಬಿಟ್ಟಳು. ಮೋಟಾರು ದೋಣಿ ಎಬ್ಬಿಸಿದ ಅಲೆಯ ಮೇಲೆ ಕೊಕ್ಕರೆಯ ಹಾಗೆ ತೇಲಿ ಹೋದಳು. ಆ ಹೊತ್ತಿಗೆ ಸರಿಯಾಗಿ ಸುಲ್ತಾನ್ ಬತ್ತೇರಿಯಿಂದ ಪ್ರಯಾಣಿಕರ ದೋಣಿ ಹೊಳೆಯ ಮಧ್ಯಕ್ಕೆ ಬಂದಿತ್ತು. ಮೀನಿನ ಬುಟ್ಟಿಗಳ ನಡುವೆ, ಉದ್ದದ ದಂಡವನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಅವನು ಕೂತಿದ್ದ. ನಿಶ್ಮಿತಾ ಮೋಟಾರು ದೋಣಿಯ ಬೆನ್ನ ಹಿಂದೆಯೇ ಆ ದೋಣಿಗೆ ಒಂದು ಪೂರ್ತಿ ಸುತ್ತು ಹಾಕಿದಳು. ಅಷ್ಟು ಸಣ್ಣ ಸುತ್ತನ್ನು ಉದ್ದದ್ದರಲ್ಲಿ ಹಾಕಲಿಕ್ಕಾಗುವುದಿಲ್ಲವಂತೆ. ಅವನು ಎಲ್ಲ ಮರೆತು ಎದ್ದು ನಿಂತು ಚಪ್ಪಾಳೆ ಹೊಡೆದ. ದೋಣಿ ವಾಲಿತು. ಮೀನಿನ ಹೆಂಗಸರು ಒಟ್ಟಾಗಿ ಬೈದರು. ನಾವು ನಿಂತಿದ್ದ ದಡದಿಂದ ಯಾರೋ ಕೂಗಿದರು, “ಕೂತ್ಕೋ ಲೂಸಣ್ಣ, ಮುಳುಗಿಸ್ತೀಯಾ?” ಆ ಕೂಗು ನೀರಿನ ಮೇಲೆ ಎರಡೂ ದಡಕ್ಕೆ ಹೋಯಿತು. ಅಲ್ಲಿಗೆ ನಾಮಕರಣ ಪೂರ್ತಿಯಾಯಿತು.

ಕೆಲಸ ನಿಶ್ಮಿತಾಳಿಗೆ ಸಿಕ್ಕಿತು. ಕುವೈತಿನ ವೀಸಾ ರದ್ದಾಯಿತು. ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ ಎಂದರೂ ತಪ್ಪಿಲ್ಲ. ಆನೆ ಕೈಬಿಡಲಿಲ್ಲವಲ್ಲ. ಸುಳ್ಳು ಹೇಳಿದರೇನು, ಫಲ ಕಣ್ಣ ಮುಂದೆ ಉಂಟು. ಕ್ಷಮೆ ಕೇಳುವುದಿದ್ದರೆ ಗಣಿತ ತಪ್ಪಾಗಿರಬೇಕು, ಗಣಿತ ಸರಿಯಾಗಿರುವಾಗ ಯಾರಲ್ಲಿ ಕೇಳುವುದು, ಯಾತಕ್ಕೆ ಕೇಳುವುದು ಎಂದುಕೊಂಡೆ.

ಮಳೆ ಹಿಡಿಯಿತು. ಬಾಗಿಲು ಕಿಟಕಿ ಎಲ್ಲ ಉಬ್ಬಿ ಕೂತವು. ಒಂದು ಮಧ್ಯಾಹ್ನ ನಾನು ಬಚ್ಚಲಿನೊಳಗೆ ಸಿಕ್ಕಿಕೊಂಡೆ. ಚಿಲಕಕ್ಕೆ ಅಡ್ಡ ಕೊಟ್ಟಿದ್ದ ಮರದ ತುಂಡು ನೀರು ಕುಡಿದು ದಪ್ಪವಾಗಿ ಜಪ್ಪಯ್ಯ ಎಂದರೂ ಬರಲಿಲ್ಲ. ಗಿರಿಜ ಹೊರಗಿನಿಂದ ದೂಡಿ, ನಾನು ಒಳಗಿನಿಂದ ಎಳೆದು, ಕಡೆಗೆ ಆ ತುಂಡು ನನ್ನ ಕೈಗೆ ಬಂತು. ಹಲಸಿನ ಮರ. ಒಂದು ಅಂಗುಲದ ತುಂಡು. ಅದರ ಒಂದು ಬದಿಯಲ್ಲಿ ಹಳೆಯ ಗೀರು.

“ಇದು ಎಲ್ಲಿಂದ ಬಂತು?” ಟವೆಲಿನಲ್ಲೇ ನಿಂತು ಕೇಳಿದೆ.

“ನಿಮ್ಮ ಕೋಲಿನದ್ದು. ಕಳೆದ ವರ್ಷ ಚಿಲಕ ಅಲ್ಲಾಡ್ತಿತ್ತು, ಹತ್ತು ಸಲ ಹೇಳಿದೆ, ನೀವು ಊರಿನವರ ಬಚ್ಚಲು ಸರಿಮಾಡ್ಲಿಕ್ಕೆ ಹೋಗಿದ್ರಿ. ತುದಿಯಿಂದ ಇಷ್ಟೇ ಇಷ್ಟು ಕೊಯ್ದೆ. ಕೋಲು ಹಾಗೇ ಉಂಟಲ್ವಾ, ಎಂತ ಆಯಿತೀಗ?”

ಆದದ್ದು ಇಷ್ಟು. ಅವಳು ಕೊಯ್ದದ್ದು ಅಂಕೆ ಶುರುವಾಗುವ ತುದಿಯನ್ನು, ಹಾಗಾಗಿ ಒಂದು ವರ್ಷದಿಂದ ನಾನು ಅಳೆದದ್ದಕ್ಕೆಲ್ಲ ಒಂದು ಅಂಗುಲ ಹೆಚ್ಚು ಓದಿದ್ದೆ. ಒದ್ದೆ ಮೈಯಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದೆ. ಉದ್ದದ ದಂಡ ಇಪ್ಪತ್ತಾರಲ್ಲ, ಇಪ್ಪತ್ತೈದು. ಉಳಿಯುವುದು ಮೂರು, ಸಿಂಹ. ಗಿಡ್ಡದ್ದು ಇಪ್ಪತ್ತು. ಉಳಿಯುವುದು ನಾಲ್ಕು. ನಾಲ್ಕು ಎಂದರೆ ನಾಯಿ. ಸಿಂಹವನ್ನು ವಾಪಸು ಕೊಟ್ಟು ನಾಯಿಯನ್ನು ತಂದು, ಅದಕ್ಕಾಗಿ ಮೂರು ಸುಳ್ಳು ಹೇಳಿದ್ದೆ. ಹುಡುಗಿ ನಾಯಿಯ ಮೇಲೆ ನಿಂತು ಗೆದ್ದದ್ದು ಅವಳ ಹಟದಿಂದ. ಅದೇ ವರ್ಷ ಅಳೆದು ಗೋಡೆ ಒಡೆಸಿದ ಪಡೀಲಿನ ಬಚ್ಚಲು ನೆನಪಾಗಿ ಅಲ್ಲೇ ಬಕೆಟಿನ ಮೇಲೆ ಕೂತುಬಿಟ್ಟೆ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನನ್ನ ಹೆಸರು ಹೋಗುತ್ತಿತ್ತು. ಆಯದ ವಾಸಣ್ಣ ಎಂಬ ಹೆಸರಿಗೆ ನಾನು ಎಷ್ಟು ಅರ್ಹನೋ, ಲೂಸಣ್ಣ ಎಂಬ ಹೆಸರಿಗೆ ಅವನೂ ಅಷ್ಟೇ ಅರ್ಹ. ಎರಡೂ ಹೆಸರು ಊರಿನಲ್ಲಿ ಚೆನ್ನಾಗಿ ನಡೆಯುತ್ತಿದ್ದವು.

ಆ ಮಳೆಗಾಲದ ಕೊನೆಯಲ್ಲಿ ಅವನ ತಂಗಿಯನ್ನು ನೋಡಲು ಬಜಪೆಯಿಂದ ಒಂದು ಕುಟುಂಬ ಬಂತು. ಒಳ್ಳೆಯ ಸಂಬಂಧ, ಮಾತು ಮುಕ್ಕಾಲು ಆಗಿತ್ತು. ಕಾರು ನಿಲ್ಲಿಸಿ ದೋಣಿಕಟ್ಟೆಯಲ್ಲಿ ಮನೆ ಕೇಳಿದರಂತೆ. “ಓ, ಲೂಸಣ್ಣನ ಮನೆಯಾ?” ಎಂದು ನಾಲ್ಕು ಜನ ಪ್ರೀತಿಯಿಂದಲೇ ದಾರಿ ತೋರಿಸಿದರು. ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಹಿರಿಯ ಹೆಂಗಸು ‘ಲೂಸ್’ ಎಂಬುದಕ್ಕೆ ಊರಿಗೆಲ್ಲ ಗೊತ್ತಿರುವ ಅರ್ಥವನ್ನೇ ಮಾಡಿಕೊಂಡರು. ಮನೆತನದಲ್ಲಿ ತಲೆ ಕೆಟ್ಟವರಿದ್ದಾರೆ ಎಂದು ತಿಳಿದು ಕಾರು ಅಲ್ಲಿಂದಲೇ ತಿರುಗಿತು. ಒಳಗೆ ಪಲಾವು ಆರಿತು. ಇದನ್ನು ಸ್ವತಃ ಅವನೇ ನನಗೆ ತಮಾಷೆಯಾಗಿ ಹೇಳಿದ. “ಎಂತ ಮಾಡುವುದು ವಾಸಣ್ಣ, ಜರ್ಮನಿಯವ ಆಗಿದ್ದರೆ ಲೂಸ್ ಅಂತ ಕೇಳಿ ಇಳಿದು ಬರ್ತಿದ್ದ,” ಎಂದು ನಕ್ಕ. ಕನ್ನಡಕ ಆಗ ಹಣೆಯ ಮೇಲಿರಲಿಲ್ಲ, ಕಣ್ಣಿನ ಮೇಲಿತ್ತು. ಅಂಗಡಿಯೊಳಗೆ ಬಿಸಿಲಿರಲಿಲ್ಲ.

ಎರಡು ವರ್ಷ ಕಳೆದು ತಂಗಿಗೆ ಬೇರೆ ಸಂಬಂಧ ಕೂಡಿಬಂತು. ಮದುವೆಗೆ ನನ್ನನ್ನೂ ಗಿರಿಜಳನ್ನೂ ಮನೆಗೆ ಬಂದು ಕರೆದ. ಮದುವೆಮನೆಯಲ್ಲಿ ಅವನ ತಾಯಿ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕರೆದರು.

“ನೀವು ಆಯ ನೋಡುವವರಲ್ವಾ? ಹೆಸರಿಗೂ ಆಯ ಉಂಟಾ?”

“ಇಲ್ಲ, ಅಳತೆ ಇರುವುದಕ್ಕೆ ಮಾತ್ರ.”

“ಮಗನಿಗೆ ನಾನು ನನ್ನ ತಂದೆಯ ಹೆಸರು ಇಟ್ಟದ್ದು. ದುಬೈಗೆ ಹೋದ ಮೇಲೆ ಅವನೇ ಅದನ್ನು ಅರ್ಧ ಮಾಡಿದ. ಈಗ ಪೋಸ್ಟ್‌ಮ್ಯಾನ್ ಕೂಡ ಲೂಸಣ್ಣ ಅಂತಾನೆ. ಆ ಹೆಸರು ಯಾರಿಟ್ಟದ್ದು ಅಂತ ನಿಮಗೆ ಗೊತ್ತುಂಟಾ? ಒಂದು ಸಲ ಅವರ ಮುಖ ನೋಡಬೇಕಿತ್ತು.”

ಅವರು ಅದನ್ನು ನೋಡುತ್ತಲೇ ಇದ್ದರು. ನಾನು, “ಬಿರಿಯಾನಿ ಲಾಯ್ಕ ಆಗಿದೆ,” ಎಂದೆ. ಇದು ಸುಳ್ಳಲ್ಲ. ಎರಡು ಸಲ ಹಾಕಿಸಿಕೊಂಡು ತಿಂದೆ.

ನಿಶ್ಮಿತಾಳ ಹತ್ತಿರ ಎಲ್ಲವನ್ನೂ ಒಪ್ಪಿಕೊಂಡಿದ್ದೇನೆ. ಅವಳು ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. “ನನಗೆ ಹೇಳಿ ಎಂತ ಪ್ರಯೋಜನ ದೊಡ್ಡಪ್ಪ. ನಾನು ಅವರನ್ನು ಇಷ್ಟು ವರ್ಷ ಹಾಗೇ ಕರೆದೆನಲ್ಲ,” ಎಂದಳು. ಅವಳು ಈಗ ಹೊಸಬರಿಗೆಲ್ಲ ಮೊದಲು ಉದ್ದದ್ದೇ ಕೊಡುತ್ತಾಳೆ. ಪಡೀಲಿನವರ ಬಚ್ಚಲಿಗೂ ಹೋಗಿ ಕ್ಷಮೆ ಕೇಳಿ ಬಂದೆ. ಅವರು ನಂಬಲಿಲ್ಲ, ಚಹಾ ಕೊಟ್ಟು ಕಳಿಸಿದರು.

ಬಿಜೈಯಲ್ಲಿ ಆ ತರುಣ ಸಿಕ್ಕಿದ ಮರುದಿನ ನಾನೂ ಸುಲ್ತಾನ್ ಬತ್ತೇರಿಗೆ ಹೋದೆ. ಹೊಳೆಯ ಗಾಳಿಯಲ್ಲಿ ಅದೇ ಅತ್ತರು. ಬೋರ್ಡಿನಲ್ಲಿ ಈಗ ದಪ್ಪ ಅಕ್ಷರದಲ್ಲಿ ಲೂಸಣ್ಣ ಎಂದೇ ಬರೆಸಿದ್ದಾನೆ. ಬೇರೆ ಹೆಸರು ಹಾಕಿದರೆ ಜನ ದಾರಿ ತಪ್ಪುತ್ತಾರಂತೆ. ಅವನು ಒಂದು ದಂಡಕ್ಕೆ ಗ್ರೀಸು ಹಚ್ಚುತ್ತಿದ್ದ.

“ಎಂತ ಬೇಕು ವಾಸಣ್ಣ?”

ನಾನು ಬಂದದ್ದು ತಪ್ಪೊಪ್ಪಿಕೊಳ್ಳಲಿಕ್ಕೆ. “ಒಂದು ಸ್ಕ್ರೂ,” ಎಂದೆ.

“ಯಾವುದಕ್ಕೆ?”

“ಮನೆಯಲ್ಲಿ ಒಂದು ಲೂಸ್ ಉಂಟು.”

ಅವನು ನಕ್ಕು, ಒಂದು ಸ್ಕ್ರೂ ಆರಿಸಿ, ಅದರ ಜೊತೆಗೆ ಪೇಪರಿನ ಚೂರಿನಲ್ಲಿ ಬಿಳಿ ಗ್ರೀಸು ಕಟ್ಟಿಕೊಟ್ಟ. “ಇದು ಹಚ್ಚಿ ಹಾಕಿ. ನಮ್ಮದು ಉಪ್ಪುಗಾಳಿ ಅಲ್ವಾ. ಹಾಗೇ ಬಿಟ್ಟರೆ ಒಳಗೆ ಕಚ್ಚಿಕೊಳ್ತದೆ, ಆಮೇಲೆ ಬೇಕೆಂದರೂ ಬಿಚ್ಚಲಿಕ್ಕೆ ಆಗುವುದಿಲ್ಲ.”

ಆ ಸ್ಕ್ರೂ ಈಗ ನನ್ನ ಮೇಜಿನ ಮೇಲೆ ಇದೆ. ಅದನ್ನು ಎಲ್ಲಿಗೆ ಹಾಕುವುದು ಎಂದು ಗಿರಿಜ ದಿನವೂ ಕೇಳುತ್ತಾಳೆ. ನಾನು ಇನ್ನೊಮ್ಮೆ ಹೋಗುತ್ತೇನೆ. ಹೋಗುವವರೆಗೆ, ಇದನ್ನು ಓದಿದ ನೀವು ಯಾರಾದರೂ ಆ ಕಡೆ ಹೋದರೆ, ದೋಣಿ ಹತ್ತುವ ಜಾಗಕ್ಕೆ ಮುಂಚೆ ಎಡಗಡೆ ತಿರುಗಿ. ಬೋರ್ಡು ಓದಬೇಡಿ. ಅತ್ತರಿನ ಪರಿಮಳ ಹಿಡಿದು ಒಳಗೆ ಹೋಗಿ, ಹಿಂದಿನ ಮನೆಯಲ್ಲಿರುವ ಅವನ ತಾಯಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಕರೆಯಿರಿ: ಉಮರಬ್ಬ.